ಬಟ್ಟಿ ಹೊತ್ತಿದ ಮೇಲೆ ಹುಟ್ಟಿದವರು

ಸೀಟಿ ಊದುವುದನ್ನು ಯಾರು ಬೇಕಾದರೂ ಒಂದು ಮಧ್ಯಾಹ್ನದಲ್ಲಿ ಕಲಿಯಬಹುದು. ಊದದೆ ತಡೆದುಕೊಳ್ಳುವುದನ್ನು ಕಲಿಯಲು ನನಗೆ ಅರ್ಧ ಆಯುಷ್ಯ ಹಿಡಿಯಿತು. ವಿನೋಬನಗರದ ನಮ್ಮ ಮನೆಗೆ ಈಗಲೂ ಹೊಸ ಡ್ರಿಲ್ ಮಾಸ್ತರರು, ಹೊಸ ರೆಫರಿಗಳು ಬಂದು ಹೋಗುತ್ತಾರೆ. "ಸಾರ್, ಯಾವ ರೂಲ್ಸ್ ಬುಕ್ಕು ಓದಬೇಕು?" ಎಂದು ಕೇಳುತ್ತಾರೆ. ಯಾವುದಾದರೂ ಓದಿ, ಎಲ್ಲ ಒಂದೇ. ಆದರೆ ಬುಕ್ಕಿನಲ್ಲಿ ಇಲ್ಲದ್ದು ಒಂದಿಷ್ಟು ಇದೆ, ಅದನ್ನು ಬರೆದಿಡುತ್ತೇನೆ.

ನಾನು ಕೆಲಸಕ್ಕೆ ಸೇರಿದ್ದು ಶಿವಮೊಗ್ಗದ ದುರ್ಗಿಗುಡಿಯ ಒಂದು ಶಾಲೆಯಲ್ಲಿ, ಡ್ರಿಲ್ ಮಾಸ್ತರನಾಗಿ. ಇಪ್ಪತ್ತರ ದಶಕ ಅದು. ಊರಿನಲ್ಲಿ ಫುಟ್‌ಬಾಲು ಎಂದರೆ ಬರಿಗಾಲು, ಕಾಲಿನ ಹರಡಿಗೆ ಸುತ್ತಿದ ಬಟ್ಟೆಪಟ್ಟಿ, ಮಿಕ್ಕಿದ್ದೆಲ್ಲ ಗಂಟಲು. ಮೊದಲ ಸಲ ನನ್ನನ್ನು ರೆಫರಿ ಮಾಡಿದ ದಿನ, ನನಗಿಂತ ಹಿಂದೆ ಆ ಕೆಲಸ ಮಾಡುತ್ತಿದ್ದ ಮುದುಕರೊಬ್ಬರು ನನ್ನ ಸೈಕಲ್ಲನ್ನು ನೋಡಿ ತಲೆ ಆಡಿಸಿದರು.

"ಏನ್ ಮಾರಾಯ, ಸೈಕಲ್ಲನ್ನ ಗೋಡೆ ಕಡೆ ಮುಖ ಮಾಡಿ ನಿಲ್ಲಿಸಿದ್ದೀಯ?"

"ಯಾಕೆ ಸಾರ್?"

"ಆಟ ಮುಗಿದ್ಮೇಲೆ ತಿರುಗಿಸೋಕೆ ಪುರಸೊತ್ತು ಇರುತ್ತೇನೋ? ಗೇಟಿಗೆ ಮುಖ ಮಾಡಿ ಇಡು."

ಇದು ನನ್ನ ವೃತ್ತಿಯ ಮೊದಲ ಪಾಠ. ಆವತ್ತು ಸಂಜೆಯೇ ಅದರ ಅರ್ಥವೂ ತಿಳಿಯಿತು. ಪೆನಾಲ್ಟಿ ಕೊಟ್ಟಿದ್ದೆ. ಸೀಟಿಯ ದನಿ ಇನ್ನೂ ಗಾಳಿಯಲ್ಲಿರುವಾಗಲೇ ಒಂದು ಚಪ್ಪಲಿ ನನ್ನ ಕಿವಿ ಸವರಿಕೊಂಡು ಹೋಯಿತು. ಚಪ್ಪಲಿ ಎಸೆದವನು ಮರುದಿನ ಶಾಲೆಗೇ ಬಂದು, "ನಿನ್ನೆ ತಪ್ಪು ತಿಳ್ಕೋಬೇಡಿ ಮೇಷ್ಟ್ರೇ, ಆಟದ ಬಿಸಿ. ಆ ಚಪ್ಪಲಿ ಸಿಕ್ಕಿತ್ತಾ?" ಎಂದ. ಒಂದೇ ಜೊತೆ ಇತ್ತಂತೆ ಪಾಪ.

ಮುಂದೆ ಭದ್ರಾವತಿಯ ಕಬ್ಬಿಣದ ಕಾರ್ಖಾನೆಯಲ್ಲಿ ಕೆಲಸಗಾರರ ಆಟೋಟ ನೋಡಿಕೊಳ್ಳುವ ಕೆಲಸ ಸಿಕ್ಕಿತು. ಹೇಗೆ ಸಿಕ್ಕಿತು, ಎಷ್ಟು ಬಡ್ತಿ ಆಯಿತು ಎಂಬುದರಲ್ಲಿ ಸ್ವಾರಸ್ಯವಿಲ್ಲ. ಸ್ವಾರಸ್ಯವಿದ್ದದ್ದು ಎರಡನೇ ಪಂಗಡದಲ್ಲಿ.

ಆಗ ಎರಡೂ ಊರು ಸೇರಿ ಎರಡು ಪಂಗಡದ ಲೀಗ್ ಆಡುತ್ತಿದ್ದೆವು. ಮೊದಲನೇ ಪಂಗಡದಲ್ಲಿ ಒಳ್ಳೆಯ ಟೀಮುಗಳು, ಎರಡನೆಯದರಲ್ಲಿ ಮಿಕ್ಕವು. ಎರಡನೇ ಪಂಗಡ ಇದ್ದದ್ದೇ ಹುಡುಗರು ಪಳಗಲಿ ಎಂದು. ಆದರೆ ಅಲ್ಲಿ ಆಡುತ್ತಿದ್ದವರು ಯಾರು? ಮೊದಲನೇ ಪಂಗಡದಲ್ಲಿ ಉಸಿರು ಸಾಲದೆ ಕೆಳಗಿಳಿದ ಹಳಬರು. ಹೊಟ್ಟೆ ಮುಂದೆ, ಆಟಗಾರ ಹಿಂದೆ. ಫೈನಲ್ ಬಂದರೆ ಬೆಂಗಳೂರಿನಿಂದ ಇಬ್ಬರು ಮೂವರು ಬಾಡಿಗೆ ಆಟಗಾರರು ಯಾರದೋ 'ಭಾವಮೈದಂದಿರು' ಎಂದು ಹೇಳಿಕೊಂಡು ರೈಲಿಳಿಯುತ್ತಿದ್ದರು. ಊರಿನ ಹುಡುಗರೆಲ್ಲ ಗೋಲಿನ ಹಿಂದೆ ನಿಂತು ಚೆಂಡು ಹೆಕ್ಕಿ ಹೆಕ್ಕಿ, ಅಲ್ಲೇ ಮೀಸೆ ಬಂದು, ಅಲ್ಲೇ ಮದುವೆಯಾಗಿ, ಆಟ ಬಿಟ್ಟುಬಿಡುತ್ತಿದ್ದರು. ಆಲದ ಮರದ ಕೆಳಗೆ ಹುಲ್ಲು ಹುಟ್ಟೋದಿಲ್ಲ ಮಗಾ ಎಂದು ನನ್ನಜ್ಜಿ ಹೇಳುತ್ತಿದ್ದಳು. ಆ ಮೈದಾನ ನೋಡಿದಾಗಲೆಲ್ಲ ನನಗೆ ಅಜ್ಜಿಯ ಮಾತೇ.

ಎರಡನೇ ಮಹಾಯುದ್ಧದ ವರ್ಷಗಳಲ್ಲಿ ಒಂದು ದಿನ ಎಲ್ಲ ಕ್ಯಾಪ್ಟನ್‌ಗಳನ್ನೂ ಕರೆಸಿದೆ. ಎರಡನೇ ಪಂಗಡದಲ್ಲಿ ಇನ್ನು ಮೇಲೆ ಹನ್ನೊಂದು ಜನರಲ್ಲಿ ಐವರು ಹುಡುಗರಿರಬೇಕು, ಊರಿನವರೇ ಆಗಿರಬೇಕು, ಮೊದಲ ಸೀಟಿಯಿಂದ ಕೊನೆಯ ಸೀಟಿಯ ತನಕ ಮೈದಾನದಲ್ಲಿರಬೇಕು ಎಂದೆ. ಸಭೆ ಸಂತೆಯಾಯಿತು. ಎಲ್ಲರಿಗಿಂತ ಜೋರಾಗಿ ಎದ್ದು ನಿಂತವನು ಬಟ್ಟಿ ಖಾತೆಯ ತಿಮ್ಮಯ್ಯ ಮೇಸ್ತ್ರಿ. ಕಬ್ಬಿಣದ ಅದಿರು ಕರಗಿಸುವ ದೊಡ್ಡ ಕುಲುಮೆಗೆ ಊರಿನವರೆಲ್ಲ ಬಟ್ಟಿ ಎನ್ನುತ್ತಿದ್ದರು. ಅಲ್ಲಿ ಕೆಲಸ ಮಾಡುವವರ ಟೀಮಿಗೆ ಇವನು ಕ್ಯಾಪ್ಟನ್ನು. ಸೆಂಟರ್ ಹಾಫ್ ಆಡುತ್ತಿದ್ದ. ಬಾಗಿಲಿನಷ್ಟು ಅಗಲದ ಎದೆ.

"ಮೇಷ್ಟ್ರೇ, ಹುಡುಗ್ರು ಆಡೋಕೆ ಬೇರೆ ಬಯಲಿಲ್ವಾ? ಒಬ್ಬ ಹುಡುಗನಿಗೋಸ್ಕರ ಈ ತಿಮ್ಮಯ್ಯ ಹೊರಗೆ ಕೂರೋ ದಿನ ಬಂತು ಅಂದ್ರೆ, ಆವತ್ತು ಬಟ್ಟಿ ಆರಿಹೋಗಿರುತ್ತೆ, ತಿಳ್ಕೊಳ್ಳಿ!"

ಎಲ್ಲರೂ ಮೇಜು ಕುಟ್ಟಿದರು. ಆ ಬಟ್ಟಿ ಆರುವುದೆಂದರೆ ಸೂರ್ಯ ಪಡುವಣದಲ್ಲಿ ಹುಟ್ಟಿದ ಹಾಗೆ.

ನನ್ನ ಮೇಲಧಿಕಾರಿ ಶ್ರೀಕಂಠಯ್ಯನವರು ಮೂಲೆಯಲ್ಲಿ ಕುಳಿತು ಕೇಳುತ್ತಿದ್ದರು. ಕೆಟ್ಟ ಮನುಷ್ಯರಲ್ಲ, ಗಲಾಟೆ ಕಂಡರೆ ಮಾತ್ರ ಆಗುತ್ತಿರಲಿಲ್ಲ. ಎಲ್ಲರೂ ಹೋದ ಮೇಲೆ ನನ್ನನ್ನು ಕರೆದರು. "ನೋಡಿ, ರೈಲ್ವೆ ಸೈಡಿಂಗ್ ಪಕ್ಕದ ಈ ಗ್ರೌಂಡನ್ನ ಇದ್ದಿಲು ಒಟ್ಟೋದಕ್ಕೆ ಕೊಡಿ ಅಂತ ಮೇಲಿನವರು ದಿನಾ ಕೇಳ್ತಾ ಇದ್ದಾರೆ. ಯುದ್ಧದ ಕಾಲ. ನಾನು ಒಂದು ಸೀಸನ್ ತಡೀತೀನಿ. ನಿಮ್ಮ ಹೊಸ ಪದ್ಧತಿ ನಡೀಲಿ. ಆದರೆ ಒಂದೇ ಒಂದು ಮ್ಯಾಚು ಹೊಡೆದಾಟದಲ್ಲಿ ಮುಗೀತು ಅಂದ್ರೆ, ಎರಡನೇ ಪಂಗಡಾನೂ ಇಲ್ಲ, ಗ್ರೌಂಡೂ ಇಲ್ಲ."

ಆ ಸೀಸನ್ ಇಡೀ ನಾನು ಈ ಮಾತನ್ನು ಹೆಗಲ ಮೇಲೆ ಹೊತ್ತುಕೊಂಡು ಓಡಿದೆ.

ಮೊದಲ ತೊಡಕು ವಯಸ್ಸಿನದು. ಹುಡುಗ ಎಂದರೆ ಯಾರು? ಹದಿನೆಂಟು ಹತ್ತೊಂಬತ್ತರ ಒಳಗೆ ಎಂದು ನಾನು ಅಂದುಕೊಂಡಿದ್ದೆ. ಆದರೆ ಹುಟ್ಟಿದ ತಾರೀಖು ಯಾರ ಮನೆಯಲ್ಲಿತ್ತು? ಭದ್ರಾವತಿಯ ಜನ್ನಾಪುರದಲ್ಲಿ ಒಬ್ಬ ತಾಯಿಯನ್ನು ಕೇಳಿದೆ, "ಮಗನಿಗೆ ಎಷ್ಟು ವರ್ಷ ಅಮ್ಮಾ?" ಆಕೆ ಮಗನನ್ನು ಮೇಲಿಂದ ಕೆಳಗೆ ನೋಡಿ, "ನಿಮ್ಮ ಆಟಕ್ಕೆ ಎಷ್ಟು ಬೇಕು ಸ್ವಾಮಿ?" ಎಂದಳು.

ಆದರೆ ಅದೇ ತಾಯಿಯನ್ನು ಬೇರೆ ರೀತಿ ಕೇಳಿದರೆ ಕಲ್ಲಿನಲ್ಲಿ ಕೊರೆದ ಹಾಗೆ ಉತ್ತರ ಬರುತ್ತಿತ್ತು. ಭದ್ರಾವತಿಯಲ್ಲಿ ಕಾಲವನ್ನು ಅಳೆಯುತ್ತಿದ್ದದ್ದೇ ಬಟ್ಟಿಯಿಂದ. ಬಟ್ಟಿಗೆ ಮೊದಲು ಬೆಂಕಿ ಕೊಟ್ಟ ದಿನ ಆ ಊರಿನ ಒಬ್ಬರಿಗೂ ಮರೆತಿರಲಿಲ್ಲ. ಮದುವೆ ಬಟ್ಟಿಗೆ ಮೊದಲೋ ಆಮೇಲೋ, ಬಾವಿ ತೋಡಿದ್ದು ಬಟ್ಟಿಗೆ ಮೊದಲೋ ಆಮೇಲೋ. ಲೆಕ್ಕ ಹಾಕಿದರೆ, ಬಟ್ಟಿ ಹೊತ್ತಿದ ಮೇಲೆ ಹುಟ್ಟಿದವರು ಸರಿಯಾಗಿ ನನಗೆ ಬೇಕಾದ ವಯಸ್ಸಿನವರು. ಹಾಗೇ ನಿಯಮ ಮಾಡಿದೆ: ಬಟ್ಟಿ ಹೊತ್ತಿದ ಮೇಲೆ ಹುಟ್ಟಿದವನು ಹುಡುಗ. ತಾಯಿಯ ಮಾತೇ ಪ್ರಮಾಣ. ತಾಯಿ ಸಿಗದಿದ್ದರೆ ಕ್ಯಾಪ್ಟನ್ನಿನ ಮಾತು. ಶಿವಮೊಗ್ಗದ ಹುಡುಗರಿಗೆ ಮಾತ್ರ ಬಟ್ಟಿಯ ಬದಲು ತುಂಗೆಗೆ ದೊಡ್ಡ ನೆರೆ ಬಂದ ವರ್ಷ. ಎರಡಕ್ಕೂ ಹೆಚ್ಚು ಅಂತರವಿರಲಿಲ್ಲ. ಆದರೂ ಶಿವಮೊಗ್ಗದವರು ಬಿಡಬೇಕಲ್ಲ! "ನಮಗೆ ನೀರಂತೆ, ಅವರಿಗೆ ಬೆಂಕಿಯಂತೆ. ತಕ್ಕಡಿ ಒಂದೇ ಇರಬೇಕು ಮೇಷ್ಟ್ರೇ" ಎಂದು ಶೇಷಪ್ಪ ತಗಾದೆ ತೆಗೆದ. ದುರ್ಗಿಗುಡಿಯಲ್ಲಿ ಜವಳಿ ಅಂಗಡಿ ಇಟ್ಟಿದ್ದ ಅವನೇ ಶಿವಮೊಗ್ಗ ಟೀಮಿನ ಯಜಮಾನ. ಬಟ್ಟೆ ಅಳೆಯುವಾಗ ಎಷ್ಟು ಬಿಗಿಯೋ ಮಾತಿನಲ್ಲೂ ಅಷ್ಟೇ.

ಸೀಸನ್ ಶುರುವಾಯಿತು. ನಿಯಮ ಮಾಡಿದವನಿಗಿಂತ ಮುರಿಯುವವನಿಗೆ ಯಾವಾಗಲೂ ಬುದ್ಧಿ ಒಂದು ಗೇಣು ಜಾಸ್ತಿ. ಮೊದಲ ಮ್ಯಾಚುಗಳಲ್ಲಿ ಕ್ಯಾಪ್ಟನ್‌ಗಳು ಐದು ಹುಡುಗರನ್ನು ಮೈದಾನಕ್ಕೆ ಇಳಿಸಿದರು, ನಿಜ. ಇಳಿಸಿ ಕಾರ್ನರ್ ಬಾವುಟದ ಹತ್ತಿರ ನಿಲ್ಲಿಸಿಬಿಟ್ಟರು, ಗೂಟಕ್ಕೆ ಕಟ್ಟಿದ ಕರುವಿನ ಹಾಗೆ. ಚೆಂಡು ಹತ್ತಿರ ಬಂದರೆ, "ಬಿಡೋ! ಮುಟ್ಟಬೇಡ!" ಎಂದು ಹಳಬರೇ ಕೂಗುತ್ತಿದ್ದರು. ಅರುಮುಗ ಎಂಬ ಹುಡುಗ ಒಂದು ದಿನ ನನ್ನ ಪಕ್ಕದಲ್ಲೇ ಓಡುತ್ತ, "ಮೇಷ್ಟ್ರೇ, ಬಾಲು ಯಾವ ಬಣ್ಣ ಅಂತ ಹೇಳ್ತೀರಾ? ದೂರದಿಂದ ಕಾಣ್ತಿಲ್ಲ" ಎಂದ. ಬಟ್ಟಿ ಟೀಮಿನವನೇ. ಅವನಪ್ಪ ಸೇಲಂ ಕಡೆಯಿಂದ ಕೆಲಸಕ್ಕೆ ಬಂದವರು. ಕಾಲಿಗಿಂತ ಬಾಯಿ ಚುರುಕು ಎಂದು ತಿಮ್ಮಯ್ಯ ಅವನನ್ನು ಎರಡು ಮ್ಯಾಚಾದ ಮೇಲೆ ಹೊರಗೇ ಕೂರಿಸಿದ.

ಆದರೆ ಸುಮ್ಮನೆ ನಿಂತ ಹುಡುಗರ ಕಾಲು ಎಷ್ಟು ದಿನ ಸುಮ್ಮನಿರುತ್ತದೆ? ದೊಡ್ಡವರಿಗೆ ಏದುಸಿರು ಬಂದಾಗ ಹುಡುಗರು ಓಡತೊಡಗಿದರು. ಜನ್ನಾಪುರದ ಕೆಂಚಪ್ಪ ಎಂಬವನು ಎಡಗಡೆಯ ಅಂಚಿನಲ್ಲಿ ಚೆಂಡು ತೆಗೆದುಕೊಂಡು ಹೊರಟರೆ ಹಿಂದೆ ಧೂಳು ಮಾತ್ರ. ಕುಳ್ಳ, ಮೀಸೆ ಇನ್ನೂ ಸರಿಯಾಗಿ ಬಂದಿರಲಿಲ್ಲ. ಅವನ ಹೆಸರು ಬರೆಸುವಾಗ ತಾಯಿ ಹೊನ್ನಮ್ಮ ತವರಿಗೆ ಹೋಗಿದ್ದಳು. "ನಾನು ಹೇಳ್ತೀನಲ್ಲ, ಬಟ್ಟಿ ಆದ್ಮೇಲೆ ಹುಟ್ಟಿದ್ದು. ನಾನು ಈ ಊರಿಗೆ ಬಂದಾಗ ಇನ್ನೂ ಅಂಬೆಗಾಲಿಡ್ತಿತ್ತು" ಎಂದು ತಿಮ್ಮಯ್ಯ ಎದೆ ತಟ್ಟಿ ಹೇಳಿದ್ದ. ಆ ಕೆಂಚಪ್ಪನ ಕಾಲಿನಿಂದಲೇ ಬಟ್ಟಿ ಟೀಮು ಫೈನಲಿಗೆ ಬಂತು. ಎದುರಿಗೆ ಶಿವಮೊಗ್ಗ.

ಫೈನಲಿನ ದಿನ ಮಧ್ಯಾಹ್ನದ ರೈಲಿನಲ್ಲಿ ಶಿವಮೊಗ್ಗದಿಂದ ಜನ ಕಂಬಿಗೆ ಜೋತುಬಿದ್ದು ಬಂದರು. ಕಾರ್ಖಾನೆಯ ಪಾಳಿ ಬಿಟ್ಟ ಜನ ಮಸಿ ಮುಖದಲ್ಲೇ ನೇರ ಮೈದಾನಕ್ಕೆ ಬಂದರು. ಒಂದು ಕಡೆ ಶಿವಮೊಗ್ಗ, ಇನ್ನೊಂದು ಕಡೆ ಭದ್ರಾವತಿ, ನಡುವೆ ಸುಣ್ಣದ ಗೆರೆ. ಸೈಡಿಂಗಿನ ಉದ್ದಕ್ಕೂ ಜಲ್ಲಿಕಲ್ಲು ಬೇಕಾದಷ್ಟಿತ್ತು. ನಾನು ಸೈಕಲ್ಲನ್ನು ಗೇಟಿಗೆ ಮುಖ ಮಾಡಿ ನಿಲ್ಲಿಸಿದೆ. ಶ್ರೀಕಂಠಯ್ಯನವರು ಕುರ್ಚಿಯಲ್ಲಿ ಕೂತು ಆ ಜಲ್ಲಿಕಲ್ಲನ್ನೇ ನೋಡುತ್ತಿದ್ದರು.

ಚೆಂಡನ್ನು ನಡುವೆ ಇಟ್ಟು ಸೀಟಿಯನ್ನು ತುಟಿಗೆ ತಂದೆ. ಅಷ್ಟರಲ್ಲಿ ಶೇಷಪ್ಪ ಪಂಚೆ ಎತ್ತಿ ಕಟ್ಟಿಕೊಂಡು ಮೈದಾನದ ನಡುವಿಗೆ ನಡೆದು ಬಂದು ಚೆಂಡಿನ ಪಕ್ಕ ಚಕ್ಕಳಮಕ್ಕಳ ಹಾಕಿ ಕೂತುಬಿಟ್ಟ.

"ಏಳಿ ಶೇಷಪ್ಪನೋರೆ, ಏನಿದು?"

"ಆ ಕೆಂಚಪ್ಪ ಹುಡುಗ ಅಲ್ಲ. ಬಟ್ಟಿಗೆ ಮುಂಚೆ ಹುಟ್ಟಿದೋನು. ಜನ್ನಾಪುರದ ಗಿರಾಕಿ ನಮ್ಮಂಗಡೀಲಿ ಹೇಳಿದ್ದಾರೆ. ಇವರ ಹತ್ರ ಹುಡುಗ್ರು ನಾಲ್ಕೇ. ಕಪ್ಪು ನಮಗೆ ಕೊಡಿ, ನಾವು ರೈಲಿಗೆ ಹೋಗ್ತೀವಿ."

ತಿಮ್ಮಯ್ಯ ಗುಡುಗಿದ. "ನಾನು ಮಾತು ಕೊಟ್ಟಿದ್ದೀನಿ! ನನ್ನ ಮಾತು ಸುಳ್ಳಾ?"

"ನಿಮ್ಮ ಮಾತು ಯಾಕೆ ಮೇಸ್ತ್ರಿ? ಹೆತ್ತೋಳೇ ಅಲ್ಲಿ ಕೂತಿದ್ದಾಳಲ್ಲ."

ನಿಜ. ಹೊನ್ನಮ್ಮ ಗೆರೆಯ ಆಚೆ ಮಂಡಕ್ಕಿ ಬುಟ್ಟಿ ಇಟ್ಟುಕೊಂಡು ಕೂತಿದ್ದಳು. ಪ್ರತಿ ಮ್ಯಾಚಿಗೂ ಅವಳ ವ್ಯಾಪಾರ ಅಲ್ಲೇ. ಸಾವಿರ ಕಣ್ಣು ಒಟ್ಟಿಗೆ ಅವಳ ಕಡೆ ತಿರುಗಿದವು. ಅವಳು ಸೆರಗು ಸರಿಮಾಡಿಕೊಂಡು ಒಳಗೆ ಬಂದಳು.

"ಹೊನ್ನಮ್ಮ, ಕೆಂಚಪ್ಪ ಹುಟ್ಟಿದ್ದು ಯಾವಾಗ?" ಎಂದು ಕೇಳಿದೆ.

"ಮಳೆಗಾಲದಲ್ಲಿ ಸ್ವಾಮಿ. ಏನು ಮಳೆ ಅಂತೀರ! ಸೂಲಗಿತ್ತಿ ಗೊರಬು ಹಾಕ್ಕೊಂಡು ಬಂದಿದ್ದಳು."

"ಬಟ್ಟಿಗೆ ಮೊದಲಾ, ಆಮೇಲಾ?"

ಅವಳು ಮಗನ ಕಡೆ ನೋಡಿದಳು, ತಿಮ್ಮಯ್ಯನ ಕಡೆ ನೋಡಿದಳು. ಭದ್ರಾವತಿಯ ಕಡೆಯಿಂದ "ಆಮೇಲೆ ಅನ್ನಮ್ಮಾ! ಆಮೇಲೆ ಅಂದ್ಬಿಡು!" ಎಂದು ಕೂಗು ಎದ್ದಿತು.

ಶೇಷಪ್ಪ ಕೂತಲ್ಲಿಂದಲೇ ಅಂದ, "ತಲೆ ಮುಟ್ಟಿ ಹೇಳ್ಲಿ. ಮಗನ ತಲೆ ಮುಟ್ಟಿ ಆಮೇಲೆ ಅಂದ್ಲು ಅಂದ್ರೆ ನಾನು ಎದ್ದು ಹೋಗ್ತೀನಿ."

ಕೂಗು ನಿಂತುಹೋಯಿತು. ತಲೆ ಮುಟ್ಟಿ ಆಡಿದ ಸುಳ್ಳು ಆ ತಲೆಗೇ ತಟ್ಟುತ್ತದೆ ಎಂಬುದನ್ನು ಅಲ್ಲಿ ನಂಬದವರು ಯಾರೂ ಇರಲಿಲ್ಲ, ನಾನೂ ಸೇರಿ. ಕೆಂಚಪ್ಪ ತಾಯಿಯ ಮುಂದೆ ಬಂದು ತಲೆ ಬಗ್ಗಿಸಿ ನಿಂತ. ಹೊನ್ನಮ್ಮನ ಕೈ ಮೇಲೆದ್ದಿತು. ಕೂದಲಿಗೆ ತಗುಲುವಷ್ಟು ಹತ್ತಿರ ಬಂತು, ನಿಂತಿತು, ಹಿಂದೆ ಹೋಯಿತು.

"ಆಗಲ್ಲ ಕಣಪ್ಪ" ಎಂದಳು, ಮಗನಿಗೆ ಮಾತ್ರ ಕೇಳುವಷ್ಟು ಸಣ್ಣಗೆ. ಆದರೆ ಎಲ್ಲರಿಗೂ ಕೇಳಿಸಿತು. "ನಿನ್ನ ಆಯುಷ್ಯ ನನಗೆ ಬೇಕು." ಆಮೇಲೆ ನನ್ನ ಕಡೆ ತಿರುಗಿದಳು. " ಬಟ್ಟಿಗೆ ಬೆಂಕಿ ಕೊಟ್ಟ ದಿನ ಇವನನ್ನ ಸೊಂಟದ ಮೇಲೆ ಕೂರಿಸ್ಕೊಂಡು ಹೋಗಿ ತೋರಿಸಿದ್ದೆ ಸ್ವಾಮಿ. ಹೊಗೆ ನೋಡಿ ಅತ್ತಿದ್ದ."

ಶಿವಮೊಗ್ಗದ ಕಡೆ ಟೋಪಿಗಳು ಹಾರಿದವು. ಭದ್ರಾವತಿಯ ಕಡೆ ಸದ್ದಿಲ್ಲ. ಕೂಗಾಡುವ ಜನರನ್ನು ನಾನು ಎಷ್ಟೋ ನೋಡಿದ್ದೇನೆ, ಅವರಿಗೆ ಹೆದರುವುದಿಲ್ಲ. ಸದ್ದಿಲ್ಲದ ಜನರನ್ನು ನೋಡಿದರೆ ಹೆದರಬೇಕು. ಹಿಂದಿನ ಸಾಲಿನವರು ಒಬ್ಬೊಬ್ಬರೇ ಸೈಡಿಂಗಿನ ಕಡೆ ಬಗ್ಗುತ್ತಿದ್ದರು. ಶ್ರೀಕಂಠಯ್ಯನವರು ನನ್ನ ಹತ್ತಿರ ಬಂದು, "ಮುಗಿಸಿಬಿಡಿ ಮೇಷ್ಟ್ರೇ. ಕಪ್ಪು ಅವರಿಗೆ ಕೊಟ್ಟು ಬೇಗ ರೈಲು ಹತ್ತಿಸಿ. ಇನ್ನು ಇದ್ದಿಲೇ ಗತಿ" ಎಂದರು.

ಸೀಟಿ ನನ್ನ ತುಟಿಯಲ್ಲೇ ಇತ್ತು. ಊದಿದರೆ ಎಲ್ಲ ಮುಗಿಯುತ್ತಿತ್ತು. ಆಗಲೇ ಹೊಳೆದದ್ದು: ನಾನು ಇನ್ನೂ ಊದಿಲ್ಲ. ಊದುವ ಹೊತ್ತಿಗೆ ಮೈದಾನದಲ್ಲಿ ಯಾರಿರುತ್ತಾರೋ ಅವರೇ ಟೀಮು.

ಸೀಟಿ ತೆಗೆದು ಕೈಯಲ್ಲಿ ಹಿಡಿದೆ. "ಶೇಷಪ್ಪನೋರೆ, ನೀವು ಹೇಳಿದ್ದು ಸರಿ. ಕೆಂಚಪ್ಪ ಹುಡುಗ ಅಲ್ಲ, ದೊಡ್ಡವನು. ದೊಡ್ಡವರು ಆಡಬಾರದು ಅಂತ ನಿಯಮ ಇಲ್ಲವಲ್ಲ? ಆರು ಜನ ದೊಡ್ಡವರು ಇರಬಹುದು. ಈಗ ಏಳಾದರು. ಒಬ್ಬರು ಹೊರಗೆ ಹೋಗಲಿ, ಒಬ್ಬ ಹುಡುಗ ಒಳಗೆ ಬರಲಿ. ಆಟ ಆಡೋಣ."

ಶೇಷಪ್ಪ ಬಾಯಿ ತೆರೆದ. ಅವನ ಟೀಮಿನ ಕ್ಯಾಪ್ಟನ್ನೇ ಹಿಂದಿನಿಂದ, "ಏಳಿ ಯಜಮಾನ್ರೆ, ಪಟ್ಟಿ ಕಟ್ಕೊಂಡು ಕಾಲು ಜೋಮು ಹಿಡೀತು. ಕೂತು ಗೆದ್ವಿ ಅಂತ ಊರಲ್ಲಿ ಹೇಳೋಕಾಗುತ್ತಾ?" ಎಂದ. ಶೇಷಪ್ಪ ಎದ್ದು ಪಂಚೆ ಕೊಡವಿಕೊಂಡ.

ಈಗ ಎಲ್ಲರೂ ಬಟ್ಟಿ ಟೀಮಿನ ದೊಡ್ಡವರನ್ನು ನೋಡಿದರು. ಯಾರು ಹೊರಗೆ? ಒಬ್ಬ ನೆಲ ನೋಡಿದ, ಇನ್ನೊಬ್ಬ ಪಟ್ಟಿ ಬಿಗಿಮಾಡಿಕೊಳ್ಳುವ ನೆಪದಲ್ಲಿ ಬಗ್ಗಿದ. ಎಲ್ಲರಿಗೂ ಫೈನಲು ಬೇಕು. ಅವರ ಕಣ್ಣು ಮಾತ್ರ ತಿರುತಿರುಗಿ ಕ್ಯಾಪ್ಟನ್ನಿನ ಮೇಲೆ ಬೀಳುತ್ತಿತ್ತು, ಮಾತು ಕೊಟ್ಟವನು ಅವನಲ್ಲವೇ.

ತಿಮ್ಮಯ್ಯನ ಕತ್ತಿನ ನರ ಉಬ್ಬಿತ್ತು. ನನ್ನನ್ನು ಹೊಡೆಯುತ್ತಾನೆ ಎಂದೇ ಅಂದುಕೊಂಡೆ. ಅವನು ನೆಲದ ಮೇಲೆ ಕೂತು ಕಾಲಿನ ಪಟ್ಟಿ ಬಿಚ್ಚತೊಡಗಿದ. ಬಿಚ್ಚಿ ಮುಗಿಸಿ ಕೂಗಿದ.

"ಅರುಮುಗಾ! ಬಾರೋ ಇಲ್ಲಿ, ಬಾಯಿಬಡಕ!"

ಅರುಮುಗನಿಗೆ ಆವತ್ತು ಮೊದಲ ಸಲ ಬಾಯಿ ಕಟ್ಟಿತ್ತು. "ಅಣ್ಣಾ, ನಾನಾ?"

"ಬಟ್ಟಿ ಆದ್ಮೇಲೆ ಹುಟ್ಟಿದೋನು ತಾನೇ? ಅಥವಾ ನಿಮ್ಮಮ್ಮನೂ ಬರಬೇಕಾ? ಕಾಲು ಕೊಡು." ತನ್ನ ಪಟ್ಟಿಯನ್ನು ತಾನೇ ಆ ಹುಡುಗನ ಕಾಲಿಗೆ ಸುತ್ತಿದ. ಬಟ್ಟಿಯ ಮುಂದೆ ದುಡಿದ ಕೈ, ಗಂಟು ಬಿಗಿಯಾಗೇ ಬಿತ್ತು.

ಅವನು ಗೆರೆ ದಾಟುವಾಗ ಗುಂಪಿನಿಂದ ಯಾರೋ ಕುಹಕವಾಡಿದರು. "ಏನ್ ಮೇಸ್ತ್ರಿ, ಬಟ್ಟಿ ಆರಿಹೋಯ್ತಾ?"

ತಿಮ್ಮಯ್ಯ ನಿಂತು ಕಾರ್ಖಾನೆಯ ಕಡೆ ತಲೆಯೆತ್ತಿ ನೋಡಿದ. "ಇಲ್ಲ ಕಣೋ. ಉರೀತಾ ಇದೆ" ಎಂದು ಹೋಗಿ ಹೊನ್ನಮ್ಮನ ಬುಟ್ಟಿಯ ಪಕ್ಕ ಕೂತ.

ನಾನು ಊದಿದೆ.

ಆಟ ಹೇಗಿತ್ತು ಎಂದರೆ, ನನ್ನ ಕಣ್ಣು ಅರ್ಧ ಚೆಂಡಿನ ಮೇಲೆ, ಅರ್ಧ ಜಲ್ಲಿಕಲ್ಲಿನ ಮೇಲೆ. ಕೆಂಚಪ್ಪ ಜೀವ ಕೊಟ್ಟು ಆಡಿದ. ತಾಯಿ ಹೇಳಿದ ನಿಜದ ಸಾಲವನ್ನು ಕಾಲಿನಿಂದ ತೀರಿಸುವವನ ಹಾಗೆ. ಅರುಮುಗ ಮೊದಮೊದಲು ತಡವರಿಸಿದ, ಆಮೇಲೆ ಆಟಕ್ಕೆ ಕಚ್ಚಿಕೊಂಡ. ಶಿವಮೊಗ್ಗದ ಹುಡುಗರೂ ಕಡಿಮೆಯವರಲ್ಲ. ಎರಡೂ ಕಡೆಯ ಹುಡುಗರು ಹತ್ತು ಜನ ಓಡಾಡುತ್ತಿದ್ದರೆ ಹಳಬರು ನಡುವೆ ನಿಂತು ಕತ್ತು ತಿರುಗಿಸುತ್ತಿದ್ದರು, ಅಷ್ಟೇ. ಎಷ್ಟು ಹೊತ್ತಾದರೂ ಗೋಲಿಲ್ಲ. ಬಿಸಿಲು ಇಳಿದು ಚಿಮಣಿಯ ನೆರಳು ಮೈದಾನಕ್ಕೆ ಅಡ್ಡ ಬಿತ್ತು.

ಕೊನೆಗೆ, ಬಟ್ಟಿ ಟೀಮಿನ ಗೋಲಿನ ಮುಂದೆ, ಅರುಮುಗ ಚೆಂಡನ್ನು ದೂರಕ್ಕೆ ಒದೆಯಬೇಕಿತ್ತು. ಒದೆಯದೆ, ಎದುರಿನವನನ್ನು ಯಾಮಾರಿಸಲು ನೋಡಿದ. ಯಾಮಾರಿದ್ದು ತಾನೇ. ಶಿವಮೊಗ್ಗದ ಹುಡುಗ ಚೆಂಡು ಕಸಿದು ಒಳಗೆ ಹೊಡೆದ. ಗೋಲ್. ಸ್ವಲ್ಪದರಲ್ಲೇ ನನ್ನ ಕೊನೆಯ ಸೀಟಿ.

ಭದ್ರಾವತಿಯ ಜನ ಗೆರೆ ದಾಟಿದರು. "ಎಲ್ಲಿ ಅವನು, ಆ ಬಾಯಿಬಡಕ?" "ಕೂತು ವಾದ ಮಾಡಿದನಲ್ಲ ಆ ಶೇಷಪ್ಪ, ಅವನನ್ನ ಹಿಡೀರಿ!" ಕೈಗಳಲ್ಲಿ ಕಲ್ಲಿತ್ತು. ಶಿವಮೊಗ್ಗದವರು ತಮ್ಮ ಆಟಗಾರರ ಸುತ್ತ ಒತ್ತೊತ್ತಾಗಿ ನಿಂತರು. ಅರುಮುಗ ಗೋಲಿನ ಕಂಬಕ್ಕೆ ಒರಗಿ ನಿಂತಿದ್ದ. ಶ್ರೀಕಂಠಯ್ಯನವರು ಕುರ್ಚಿಯಿಂದ ಎದ್ದಿದ್ದರು.

ಆಗ ತಿಮ್ಮಯ್ಯ ಬಂದ. ಓಡಲಿಲ್ಲ, ನಡೆದೇ ಬಂದ. ಗುಂಪನ್ನು ಸೀಳಿಕೊಂಡು ಹೋಗಿ ತನ್ನ ಅಗಲ ಅಂಗೈಯನ್ನು ಅರುಮುಗನ ತಲೆಯ ಮೇಲೆ ಇಟ್ಟ. ಹೊನ್ನಮ್ಮ ಇಡಲಾರದೆ ತೆಗೆದ ಕೈಯ ಹಾಗಲ್ಲ, ಗಟ್ಟಿಯಾಗಿ ಊರಿ.

"ಈ ಹುಡುಗನ ತಲೆ ಮುಟ್ಟಿ ಹೇಳ್ತೀನಿ, ಕೇಳ್ರೋ. ಒಬ್ಬ ಒಂದು ಕಲ್ಲು ಎಸೆದ್ರೂ ಈ ತಿಮ್ಮಯ್ಯ ಇನ್ನು ಬಾಲು ಮುಟ್ಟಲ್ಲ, ನಿಮ್ಮ ಯಾರ ಜೊತೇಲೂ ಬಟ್ಟಿ ಮುಂದೆ ನಿಲ್ಲಲ್ಲ. ಅವರು ಆಡಿ ಗೆದ್ರು. ಸಾಕು, ಕಲ್ಲು ಕೆಳಗೆ ಹಾಕಿ."

ಆಮೇಲೆ ಎಲ್ಲೋ ಒಂದು ಕಲ್ಲು ನೆಲಕ್ಕೆ ಬಿದ್ದ ಸದ್ದು ಕೇಳಿತು. ಮತ್ತೊಂದು. ಆಮೇಲೆ ಮಳೆ ಶುರುವಾದ ಹಾಗೆ ಪಟಪಟ.

ಶಿವಮೊಗ್ಗದವರನ್ನು ಸ್ಟೇಷನ್ನಿಗೆ ಬಿಟ್ಟು ಬಂದದ್ದೂ ಬಟ್ಟಿ ಟೀಮೇ, ತಿಮ್ಮಯ್ಯ ಮುಂದೆ. ಶೇಷಪ್ಪನಿಗೆ ಹೊನ್ನಮ್ಮ ಒಂದು ಪೊಟ್ಟಣ ಮಂಡಕ್ಕಿ ಕೊಟ್ಟಳಂತೆ. ರೈಲು ಹೊರಡುವ ತನಕ ಅವನು ಅದನ್ನು ತಿನ್ನದೆ ಕೈಯಲ್ಲೇ ಹಿಡಿದಿದ್ದನಂತೆ. ನಾನು ಸೈಕಲ್ಲು ತೆಗೆಯಲು ಹೋದಾಗ ತಿಮ್ಮಯ್ಯ ವಾಪಸು ಬರುತ್ತಿದ್ದ. "ಮುಂದಿನ ಸಲ ಅದನ್ನ ಹೆಂಗಾದ್ರೂ ನಿಲ್ಲಿಸಿ ಮೇಷ್ಟ್ರೇ, ಯಾರೂ ಅಟ್ಟಿಸ್ಕೊಂಡು ಬರಲ್ಲ" ಎಂದ. ಅಂದರೆ ನನ್ನ ಸೈಕಲ್ಲಿನ ಗುಟ್ಟು ಇಷ್ಟು ವರ್ಷ ಊರಿಗೆಲ್ಲ ಗೊತ್ತಿತ್ತು.

ಶ್ರೀಕಂಠಯ್ಯನವರು ಮರುದಿನ ನನ್ನನ್ನು ಕರೆಸಿದರು. ಗ್ರೌಂಡಿನ ವಿಷಯ ಎತ್ತಲೇ ಇಲ್ಲ. ಕನ್ನಡಕ ಒರೆಸುತ್ತ, "ಹುಡುಗರು ಐದೇ ಯಾಕೆ ಮೇಷ್ಟ್ರೇ? ಮುಂದಿನ ವರ್ಷ ಆರು ಮಾಡಿ ನೋಡಿ" ಎಂದರು. ಇದ್ದಿಲಿಗೆ ಸೈಡಿಂಗಿನ ಆಚೆ ಬೇರೆ ಜಾಗ ಸಿಕ್ಕಿತು.

ಮುಂದಿನ ಸೀಸನ್ನಿಗೆ ಹೆಸರು ಬರೆಸುವ ದಿನ ನಾನು ಮೈದಾನದಲ್ಲಿ ಮೇಜು ಹಾಕಿ ಕೂತಿದ್ದೆ. ಕ್ಯಾಪ್ಟನ್‌ಗಳು ಇನ್ನೂ ಬಂದಿರಲಿಲ್ಲ. ಮೊದಲು ಬಂದವಳು ಹೊನ್ನಮ್ಮ. ತಲೆಯ ಮೇಲೆ ಮಂಡಕ್ಕಿ ಬುಟ್ಟಿ, ಹಿಂದೆ ಜನ್ನಾಪುರದ ಒಂದು ಸಾಲು ಹೆಂಗಸರು, ಅವರ ಹಿಂದೆ ತಲೆ ತಗ್ಗಿಸಿದ ಅವರವರ ಮಕ್ಕಳು. ಬುಟ್ಟಿ ಇಳಿಸಿ ಒಬ್ಬೊಬ್ಬರನ್ನೇ ಮುಂದೆ ತಳ್ಳಿದಳು.

"ಬರ್ಕೊಳ್ಳಿ ಮೇಷ್ಟ್ರೇ. ಇವಳ ಮಗ ಬಟ್ಟಿ ಹೊತ್ತಿದ್ಮೇಲೆ ಹುಟ್ಟಿದ್ದು. ಇವಳದ್ದೂ ಆಮೇಲೇನೇ. ಏಯ್, ನೀನು ಹಿಂದೆ ಹೋಗೇ ಮಾರಾಯ್ತಿ, ನಿನ್ನ ಮಗ ನಮ್ಮ ಕೆಂಚನ ಓರಗೆಯೋನು, ನನಗೆ ಗೊತ್ತಿಲ್ವಾ?"

ಅದಾದ ಮೇಲೆ ನಾನು ಯಾವ ಕ್ಯಾಪ್ಟನ್ನಿನ ಮಾತನ್ನೂ ಕೇಳಲಿಲ್ಲ. ಹೊನ್ನಮ್ಮ ಹೂಂ ಅಂದರೆ ಹೂಂ.